ಕ್ಷೇತ್ರ ಸಿದ್ಧಾಂತ: ಒಂದು ಚಿಂತನೆ ಬೆಳೆದ ಮತ್ತು ಹಂಚಿಹೋದ ಬಗೆ

ಕ್ಷೇತ್ರ ಸಿದ್ಧಾಂತವನ್ನು ಬಿ.ಎಡ್. ವಿದ್ಯಾರ್ಥಿಗಳು ಕಲಿಕೆಯ ಸಿದ್ಧಾಂತಗಳ ಸಾಲಿನಲ್ಲಿ ಓದುತ್ತಾರೆ, ನಿರ್ವಹಣಾಶಾಸ್ತ್ರದವರು ಸಂಸ್ಥೆಗಳಲ್ಲಿ ಬದಲಾವಣೆ ತರುವ ವಿಧಾನವೆಂದು ಓದುತ್ತಾರೆ, ಸಾಮಾಜಿಕ ಮನೋವಿಜ್ಞಾನದವರು 'ವರ್ತನೆಯು ವ್ಯಕ್ತಿ ಮತ್ತು ಪರಿಸರಗಳೆರಡನ್ನೂ ಅವಲಂಬಿಸಿದೆ' ಎಂಬ ಸೂತ್ರವಾಗಿ ಉಲ್ಲೇಖಿಸುತ್ತಾರೆ. ಮೂರೂ ಕಡೆ ಕಾಣುವ ಹೆಸರು ಮನೋವಿಜ್ಞಾನಿ ಕರ್ಟ್ ಲೆವಿನ್ ಅವರದೇ ಆದರೂ, ಮೂರನ್ನೂ ಒಟ್ಟಿಗೆ ಓದಿದವರಿಗೆ ಇವು ಒಂದೇ ಚಿಂತನೆಯ ಭಾಗಗಳೆಂದು ತೋರುವುದಿಲ್ಲ.

ಒಂದೆಡೆ ನಡೆಯುವುದನ್ನು ಅದರ ಸುತ್ತ ಹರಡಿರುವ ಬಲಗಳ ಒಟ್ಟು ವಿನ್ಯಾಸದಿಂದ ವಿವರಿಸುವುದೇ ಕ್ಷೇತ್ರದ ಕಲ್ಪನೆ. ಫ್ಯಾರಡೆ ಮತ್ತು ಮ್ಯಾಕ್ಸ್‌ವೆಲ್ ಭೌತವಿಜ್ಞಾನಕ್ಕೆ ಕೊಟ್ಟ ಈ ಕಲ್ಪನೆಯನ್ನು, ಮನಸ್ಸು ಬಿಡಿ ಭಾಗಗಳನ್ನಲ್ಲ, ಇಡಿಯನ್ನು ಗ್ರಹಿಸುತ್ತದೆ ಎಂದ ಜರ್ಮನಿಯ ಗೆಸ್ಟಾಲ್ಟ್ ಪಂಥದವರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಗ್ರಹಿಕೆಯ ಅಧ್ಯಯನಕ್ಕೆ ತಂದರು. ಅದನ್ನು ಇಚ್ಛೆ, ಕೋಪ, ಹಂಬಲಗಳವರೆಗೆ ವಿಸ್ತರಿಸಿದವರು ಲೆವಿನ್. 1890ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ಮೊಗಿಲ್ನೊ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಾಗಿದ್ದರು. 1917ರಲ್ಲಿ ಅವರು ಪ್ರಕಟಿಸಿದ ಯುದ್ಧಭೂಮಿಯ ಕುರಿತ ಪುಟ್ಟ ಲೇಖನದಲ್ಲೇ ಮುಂದಿನದರ ಬೀಜವಿದೆ. ಶಾಂತಿಕಾಲದಲ್ಲಿ ಎಲ್ಲ ದಿಕ್ಕಿಗೂ ಸಮನಾಗಿ ಹರಡಿಕೊಂಡಂತೆ ಕಾಣುವ ಬಯಲು, ರಣರಂಗದತ್ತ ಸಾಗುವ ಸೈನಿಕನಿಗೆ ಮುಂದು ಮತ್ತು ಹಿಂದು ಎಂದು ಒಡೆದುಕೊಂಡು, ಗಡಿಗಳನ್ನು ಪಡೆದುಕೊಳ್ಳುತ್ತದೆ. ಅಲ್ಲಿನ ವಸ್ತುಗಳೆಲ್ಲ ಕಾದಾಟಕ್ಕೆ ಒದಗುವ ಸಾಧನಗಳಾಗಿ ಮಾರ್ಪಡುತ್ತವೆ. ನೆಲ ಬದಲಾಗಿರುವುದಿಲ್ಲ, ಅದರೊಳಗೆ ನಿಂತವನ ಸ್ಥಿತಿ ಬದಲಾದುದರಿಂದ ಅವನಿಗೆ ಅದು ಬೇರೆಯೇ ಲೋಕವಾಗಿರುತ್ತದೆ.

ಈ ಒಳನೋಟ ಪ್ರಯೋಗದ ಶಿಸ್ತನ್ನು ಪಡೆದದ್ದು 1920ರ ದಶಕದಲ್ಲಿ, ಬರ್ಲಿನ್ನಿನ ಹಳೆಯ ಅರಮನೆಯಲ್ಲಿದ್ದ ಮನೋವಿಜ್ಞಾನ ಸಂಸ್ಥೆಯಲ್ಲಿ. ಆ ಪ್ರಯೋಗಗಳನ್ನು ನಡೆಸಿದವರಲ್ಲಿ ಪ್ರಮುಖರು ರಷ್ಯಾ ಸಾಮ್ರಾಜ್ಯದ ನೆಲದಿಂದ ಬಂದ ಯುವತಿಯರಾಗಿದ್ದರು ಎಂಬುದನ್ನು ಇಂದಿಗೂ ಸಾಕಷ್ಟು ನೆನೆಯಲಾಗುತ್ತಿಲ್ಲ. ಬ್ಲೂಮಾ ಝೈಗಾರ್ನಿಕ್ ಹಲವು ಸಣ್ಣ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ನಡುವೆಯೇ ನಿಲ್ಲಿಸಿ, ನಿಂತುಹೋದ ಕೆಲಸಗಳು ಮುಗಿದವುಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ನೆನಪಿಗೆ ಬರುತ್ತವೆಂದು 1927ರಲ್ಲಿ ವರದಿ ಮಾಡಿದರು. ಹೀಗೆ ಬಿಟ್ಟ ಕೆಲಸವನ್ನು ಜನ ಯಾರೂ ಹೇಳದಿದ್ದರೂ ಮತ್ತೆ ಕೈಗೆತ್ತಿಕೊಳ್ಳುವುದನ್ನು ಮರುವರ್ಷ ಮರಿಯಾ ಒವ್ಸಿಯಾಂಕಿನಾ ತೋರಿಸಿದರು. ಕೋಪವನ್ನು ಅಧ್ಯಯನ ಮಾಡಿದ ತಮಾರಾ ಡೆಂಬೊ, ನೆಲದ ಮೇಲಿನ ಚೌಕದಿಂದ ಕಾಲು ಹೊರಗಿಡದೆ ಹೂವನ್ನು ಎಟುಕಿಸಿಕೊಳ್ಳಲು ಹೇಳಿ, ಎರಡು ದಾರಿ ಸಿಕ್ಕ ಮೇಲೆ ಇಲ್ಲದ ಮೂರನೆಯ ದಾರಿಯನ್ನು ಹುಡುಕಿಸಿದರು. ಕೋಪವು ಆ ವ್ಯಕ್ತಿಯ ಒಳಗೆ ಕೂಡಿಟ್ಟ ಗುಣವಾಗಿ ಅಲ್ಲಿ ಕಾಣಿಸಲಿಲ್ಲ; ಗುರಿಯ ಸೆಳೆತ, ದಾಟಲಾಗದ ತಡೆ ಮತ್ತು ಬಿಟ್ಟುಹೋಗಲಾಗದ ಮುಜುಗರ ಇವುಗಳ ನಡುವೆ ಹುಟ್ಟಿ ಬೆಳೆಯಿತು.

1929ರಲ್ಲಿ ಯೇಲ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲೆವಿನ್ ಒಂದು ಕಿರುಚಿತ್ರ ತೋರಿಸಿದರು. ಕಲ್ಲಿನ ಮೇಲೆ ಕುಳಿತುಕೊಳ್ಳಬೇಕೆಂದಿರುವ ಪುಟ್ಟ ಮಗು ಅದರ ಸುತ್ತಲೇ ತಿರುಗುತ್ತದೆ, ಏಕೆಂದರೆ ಕೂರಬೇಕಾದರೆ ತಾನು ಬಯಸಿದ ಕಲ್ಲಿಗೇ ಬೆನ್ನು ಮಾಡಬೇಕು. ಸೆಳೆತಕ್ಕೆ ದಿಕ್ಕಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕೋಷ್ಟಕವೂ ಹೇಳಲಾರದು. 1931ರ ಪ್ರಬಂಧದಲ್ಲಿ ಅವರು ಇದಕ್ಕೆ ತಾತ್ವಿಕ ನೆಲೆ ಕೊಟ್ಟರು. ಎಷ್ಟು ಜನ ಹೀಗೆ ಮಾಡುತ್ತಾರೆ ಎಂಬ ಸರಾಸರಿಯಿಂದ ನಿಯಮ ಸಿಗುವುದಿಲ್ಲ, ಒಬ್ಬನೇ ವ್ಯಕ್ತಿಯ ಇಡೀ ಸನ್ನಿವೇಶವನ್ನು ಬಿಡಿಸಿ ನೋಡಿದರೆ ಸಿಗುತ್ತದೆ ಎಂಬುದು ಅವರ ವಾದವಾಗಿತ್ತು. ಗತಕಾಲವು ನೇರವಾಗಿ ವರ್ತನೆಯನ್ನು ಉಂಟುಮಾಡಲಾರದು, ಈ ಕ್ಷಣದ ಕ್ಷೇತ್ರದಲ್ಲಿ ಉಳಿದಿರುವಷ್ಟು ಮಾತ್ರ ಕೆಲಸ ಮಾಡುತ್ತದೆ ಎಂಬ ನಿಲುವೂ ಈ ಸಿದ್ಧಾಂತದ ತಿರುಳು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಲೆವಿನ್ ಜರ್ಮನಿಯನ್ನು ಬಿಡಬೇಕಾಯಿತು. ಕಾರ್ನೆಲ್, ಅಯೋವಾ, ಕೊನೆಗೆ ಎಂ.ಐ.ಟಿ. ಹೀಗೆ ಸಾಗಿದ ಅಮೆರಿಕದ ವರ್ಷಗಳಲ್ಲಿ ಅಳತೆಗಳನ್ನು ಬಿಟ್ಟು ಗಡಿ, ಒಳಗು, ಹೊರಗುಗಳ ಸಂಬಂಧವನ್ನು ನೋಡುವ ಸ್ಥಳಶಾಸ್ತ್ರದ (ಟೊಪಾಲಜಿ) ಗಣಿತವನ್ನು ಬಳಸಿದ 1936ರ ಗ್ರಂಥ, ಬಾಲಕರ ಗುಂಪುಗಳಲ್ಲಿ ನಾಯಕತ್ವದ ಶೈಲಿಗಳ ಅಧ್ಯಯನ, ಯುದ್ಧಕಾಲದ ಆಹಾರ ಪದ್ಧತಿಯ ಸಂಶೋಧನೆ ಒಂದರ ಹಿಂದೆ ಒಂದು ಬಂದವು. ಗಣಿತದ ಬಳಕೆ ಸಡಿಲವಾಗಿದೆ ಎಂಬ ಟೀಕೆ ಆಗಲೇ ಕೇಳಿಬಂದಿತ್ತು, ಅದರಲ್ಲಿ ಹುರುಳೂ ಇತ್ತು. 1947ರ ಫೆಬ್ರುವರಿಯಲ್ಲಿ, 56ನೆಯ ವಯಸ್ಸಿಗೇ ಅವರು ತೀರಿಕೊಂಡರು.

ಆಮೇಲೆ ಗುಂಪುಗಳ ಅಧ್ಯಯನ ಒಂದೆಡೆಗೆ, ತರಬೇತಿ ಶಿಬಿರಗಳು ಇನ್ನೊಂದೆಡೆಗೆ ಹೋದವು. ಅವರ ಬಳಿ ಕಲಿತ ಲಿಯಾನ್ ಫೆಸ್ಟಿಂಗರ್ 1957ರಲ್ಲಿ, ನಂಬಿಕೆ ಮತ್ತು ವರ್ತನೆಗಳು ಒಂದಕ್ಕೊಂದು ಹೊಂದದಿದ್ದಾಗ ಹುಟ್ಟುವ ಕಸಿವಿಸಿಯ ಕುರಿತು ಸ್ವತಂತ್ರ ಸಿದ್ಧಾಂತವನ್ನೇ ಕಟ್ಟಿದರು. ಪ್ರತಿಯೊಂದೂ ಫಲ ಕೊಟ್ಟಿತು. ಆದರೆ ಒಬ್ಬ ವ್ಯಕ್ತಿಯ ಕ್ಷೇತ್ರವನ್ನು ಪೂರ್ತಿಯಾಗಿ ಚಿತ್ರಿಸುವ ಶ್ರಮದ ಕೆಲಸವನ್ನು ಮುಂದುವರಿಸಿದವರು ವಿರಳ, ಮತ್ತು ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ವಿಧಾನವೇ ರೂಢಿಯಾಯಿತು. 1968ರಿಂದ ವ್ಯಕ್ತಿಯ ಗುಣ ಮುಖ್ಯವೋ ಸನ್ನಿವೇಶ ಮುಖ್ಯವೋ ಎಂಬ ಚರ್ಚೆ ಕಾವೇರಿದಾಗ ಲೆವಿನ್ ಸೂತ್ರವನ್ನು ಎರಡಕ್ಕೂ ಪಾಲು ಕೊಡುವ ರಾಜಿಯಂತೆ ಉಲ್ಲೇಖಿಸುವುದು ಸಾಮಾನ್ಯವಾಯಿತು. ಅವರ ಬರಹದಲ್ಲಿ ಇವೆರಡು ಬೇರ್ಪಡಿಸಬಹುದಾದ ಭಾಗಗಳೇ ಅಲ್ಲ. ಪರಿಸರವೆಂದರೆ ಆ ವ್ಯಕ್ತಿಗೆ ಆ ಹೊತ್ತಿನಲ್ಲಿ ಇರುವ ಪರಿಸರ.

ಸಿದ್ಧಾಂತದ ಕಡೆಯಿಂದಲೂ ಬಾಕಿ ಉಳಿದದ್ದಿದೆ. ಝೈಗಾರ್ನಿಕ್ ಕಂಡ ನೆನಪಿನ ಪರಿಣಾಮ ಮುಂದಿನ ಪ್ರಯೋಗಗಳಲ್ಲಿ ಒಂದೇ ಸಮನೆ ದೃಢಪಡಲಿಲ್ಲ. ಕೆಲಸಕ್ಕೆ ಮರಳುವ ಪ್ರವೃತ್ತಿ ಹೆಚ್ಚು ಗಟ್ಟಿಯಾಗಿ ನಿಂತಿದೆ. ಇನ್ನೂ ಆಳದ ಪ್ರಶ್ನೆಯನ್ನು ಮನೋವಿಜ್ಞಾನಿ ಎಗೋನ್ ಬ್ರುನ್ಸ್‌ವಿಕ್ 1940ರ ದಶಕದಲ್ಲೇ ಎತ್ತಿದ್ದರು: ವ್ಯಕ್ತಿಗೆ ಅರಿವಾಗುವ ಮೊದಲು ಹೊರಗಿನ ಜಗತ್ತು ಏನು ಮಾಡುತ್ತದೆ, ಅವನ ವರ್ತನೆ ಹೊರಗೆ ಏನನ್ನು ಬದಲಿಸುತ್ತದೆ ಎಂಬುದಕ್ಕೆ ಈ ನಕ್ಷೆಯಲ್ಲಿ ಜಾಗವಿಲ್ಲ. ಲೆವಿನ್ ಅವರ ಸಹೋದ್ಯೋಗಿಯಾಗಿದ್ದ ರೋಜರ್ ಬಾರ್ಕರ್ ಈ ಕೊರತೆಯನ್ನು ತುಂಬಲು 1947ರಿಂದ ಕ್ಯಾನ್ಸಸ್ಸಿನ ಚಿಕ್ಕ ಊರೊಂದರಲ್ಲಿ ನೆಲೆನಿಂತು, ಏಳು ವರ್ಷದ ಹುಡುಗನ ಒಂದು ಇಡೀ ದಿನವನ್ನು ದಾಖಲಿಸಿ 1951ರಲ್ಲಿ ಪ್ರಕಟಿಸಿದರು. ಒಂದೇ ಜಾಗದಲ್ಲಿರುವ ಬೇರೆ ಬೇರೆ ಮಕ್ಕಳ ವರ್ತನೆಗಿಂತ, ಜಾಗದಿಂದ ಜಾಗಕ್ಕೆ ಹೋಗುವ ಒಂದೇ ಮಗುವಿನ ವರ್ತನೆ ಹೆಚ್ಚು ಬದಲಾಗುತ್ತದೆ ಎಂಬುದು ಅವರು ಅಲ್ಲಿ ಕಂಡುಕೊಂಡ ಸಂಗತಿ. ಕ್ಷೇತ್ರವು ಮನಸ್ಸಿನಲ್ಲಿದೆಯೋ ಜಾಗದಲ್ಲಿದೆಯೋ ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಪರಿಸರ ಮನೋವಿಜ್ಞಾನದ ಪಾಲಿಗೆ ಬಂದಿತು.