ಬಡಾವಣೆ ಬರುವ ಮುನ್ನ ನೆರೆಯವರನ್ನು ಕೇಳುವುದು ಯಾವಾಗ?

ಕರ್ನಾಟಕದಲ್ಲಿ ಹೊಸ ಬಡಾವಣೆಯ ಪ್ರಸ್ತಾವ ಬಂದಾಗ ಕಾನೂನು ಮುಖ್ಯವಾಗಿ ಮಾತನಾಡಿಸುತ್ತ ಬಂದಿರುವುದು ಜಮೀನು ಕಳೆದುಕೊಳ್ಳುವವರನ್ನು. ಬೇಲಿಯ ಈಚೆಗಿರುವವರ ಕೊಳವೆಬಾವಿ ಬತ್ತಬಹುದು, ಇಪ್ಪತ್ತಡಿ ರಸ್ತೆಗೆ ನೂರಾರು ಕಾರು ಇಳಿಯಬಹುದು, ರಾಜಕಾಲುವೆ ಉಕ್ಕಬಹುದು. ಅವರಿಗೂ ಪ್ರಶ್ನಿಸುವ ಹಕ್ಕಿದೆ ಎಂಬ ಮಾತು ತಡವಾಗಿ ಬಂತು. ಬಂದದ್ದೂ ಹಿಂಬಾಗಿಲಿನಿಂದ, ಅಂದರೆ ನ್ಯಾಯಾಲಯದ ಮೂಲಕ.

1894ರ ಭೂಸ್ವಾಧೀನ ಕಾಯ್ದೆಯಲ್ಲಿ ಆರಂಭದಲ್ಲಿ ಆಕ್ಷೇಪಣೆಗೆ ಜಾಗವೇ ಇರಲಿಲ್ಲ. 1923ರಲ್ಲಿ 5ಎ ಕಲಂ ಸೇರಿತು. ಪ್ರಾಥಮಿಕ ಅಧಿಸೂಚನೆ ಹೊರಟ 30 ದಿನಗಳೊಳಗೆ ‘ಹಿತಾಸಕ್ತಿ ಉಳ್ಳವರು’ ಲಿಖಿತ ಆಕ್ಷೇಪಣೆ ಕೊಡಬಹುದಿತ್ತು, ಅಧಿಕಾರಿ ಅವರ ಅಹವಾಲು ಕೇಳಿ ಸರ್ಕಾರಕ್ಕೆ ವರದಿ ಸಲ್ಲಿಸಬೇಕಿತ್ತು. ಆ ಹಿತಾಸಕ್ತಿ ಸ್ವಾಧೀನವಾಗುವ ಜಮೀನಿನದ್ದೇ ಆಗಿರಬೇಕಿತ್ತು, ಪಕ್ಕದ ಬೀದಿಯವರದು ಲೆಕ್ಕಕ್ಕಿರಲಿಲ್ಲ. ಜೊತೆಗೆ 17ನೇ ಕಲಂನ ತುರ್ತು ಅಧಿಕಾರ ಬಳಸಿದರೆ ಈ ವಿಚಾರಣೆಯನ್ನೂ ಕೈಬಿಡಬಹುದಿತ್ತು.

1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯೂ ಇದೇ ಜಾಡು ಹಿಡಿಯಿತು. ಅದರ 17ನೇ ಕಲಂನಂತೆ ಪ್ರಾಥಮಿಕ ಅಧಿಸೂಚನೆ ಆದ ಮೇಲೆ ನೋಟಿಸು ಹೋಗುವುದು ಕಂದಾಯ ಅಥವಾ ಆಸ್ತಿ ತೆರಿಗೆಯ ದಾಖಲೆಯಲ್ಲಿ ಹೆಸರಿರುವವರಿಗೆ. ಸ್ವಾಧೀನ ಏಕೆ ಬೇಡ ಎಂದು ಕಾರಣ ತೋರಿಸಲು ಅವರಿಗೆ 30 ದಿನ. ಆಮೇಲೆ ಸರ್ಕಾರದ ಮಂಜೂರಾತಿ, ಕೊನೆಗೆ 19ನೇ ಕಲಂನ ಅಂತಿಮ ಅಧಿಸೂಚನೆ. ಪಹಣಿಯಲ್ಲಿ ಹೆಸರಿಲ್ಲದ ಬಾಡಿಗೆದಾರರು, ಗೇಣಿಗೆ ಉಳುವವರು, ಪಕ್ಕದ ಊರಿನವರು ಈ ಸರಪಳಿಯ ಯಾವ ಕೊಂಡಿಯಲ್ಲೂ ಬರುವುದಿಲ್ಲ.

ಇದರ ಪರಿಣಾಮ ಬಡಾವಣೆಯ ನಕ್ಷೆಯಲ್ಲೇ ಕಾಣುತ್ತದೆ. ಮಾಲೀಕರನ್ನು ಮಾತ್ರ ಕೇಳಿದರೆ ಬರುವ ಉತ್ತರ ಒಂದೇ: ನನ್ನ ಜಮೀನು ಬಿಡಿ. ರಸ್ತೆ ಎಲ್ಲಿ ಸೇರಬೇಕು, ಮಳೆನೀರು ಎಲ್ಲಿಗೆ ಹೋಗಬೇಕು ಎಂಬ ಮಾತು ಆ ಅರ್ಜಿಗಳಲ್ಲಿ ಬರುವುದೇ ಅಪರೂಪ. 2003ರಲ್ಲಿ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ ಅಂತಿಮ ಅಧಿಸೂಚನೆ ಕಂಡ ಅರ್ಕಾವತಿ ಬಡಾವಣೆಯಲ್ಲಿ ಜಗಳ ನಡೆದದ್ದು ‘ಪಕ್ಕದ ಸರ್ವೆ ನಂಬರ್ ಬಿಟ್ಟು ನಮ್ಮದನ್ನೇ ಏಕೆ ಹಿಡಿದಿರಿ’ ಎಂಬುದರ ಮೇಲೆ. 2010ರಲ್ಲಿ ಸುಪ್ರೀಂ ಕೋರ್ಟ್ ಕೆಲವು ಬಗೆಯ ಮಾಲೀಕರಿಗೆ ಜಮೀನು ಕೈಬಿಡುವಂತೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ಡಿನೋಟಿಫಿಕೇಶನ್, ಅಂದರೆ ಅಧಿಸೂಚನೆಯಿಂದ ಜಮೀನು ಕೈಬಿಡುವುದು, ಎಂಬ ಮಾತು ನಮ್ಮ ರಾಜಕೀಯದ ಬೈಗುಳವಾದದ್ದಕ್ಕೆ ಬೇರೆ ಕಾರಣಗಳೂ ಇವೆ ಅನ್ನಿ. ಆದರೆ ಅದರ ಬೇರಿರುವುದು ಮಾಲೀಕರಿಗಷ್ಟೇ ಬಾಯಿ ಕೊಟ್ಟ ಈ ಏರ್ಪಾಟಿನಲ್ಲೇ.

ಶಿವರಾಮ ಕಾರಂತ ಬಡಾವಣೆಯದು ಇನ್ನೊಂದು ಪಾಠ. 3,546 ಎಕರೆಗೆ 2008ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. 2014ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು, 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ತಳ್ಳಿಹಾಕಿತು. ಈ ಹತ್ತು ವರ್ಷಗಳಲ್ಲಿ ಅಲ್ಲಿ ಮನೆಗಳು ಎದ್ದಿದ್ದವು. ಅವುಗಳಲ್ಲಿ ಯಾವುದನ್ನು ಉಳಿಸಬಹುದು ಎಂದು ನೋಡಲು 2020ರಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿಯನ್ನೇ ಸುಪ್ರೀಂ ಕೋರ್ಟ್ ನೇಮಿಸಬೇಕಾಯಿತು.

2013ರ ಹೊಸ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಸಾರ್ವಜನಿಕ ವಿಚಾರಣೆಯನ್ನೂ ತಂದಿತು. ಆದರೆ ಬಿಡಿಎ ಸ್ವಾಧೀನಗಳಿಗೆ ಅದು ಅನ್ವಯಿಸದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಬೆಂಗಳೂರಿನ ಬಡಾವಣೆಗಳ ಮಟ್ಟಿಗೆ ಹಳೆಯ ಜಾಡೇ ಉಳಿಯಿತು.

ನೆರೆಯವರಿಗೂ ಹಕ್ಕಿದೆ ಎಂಬ ಮಾತು ಸ್ಪಷ್ಟವಾದದ್ದು ಎರಡು ತೀರ್ಪುಗಳಲ್ಲಿ, ಎರಡೂ ನಮ್ಮ ರಾಜ್ಯದವು. ಉಡುಪಿಯಲ್ಲಿ ವಸತಿಗೆ ಮೀಸಲಾದ ಪ್ರದೇಶದಲ್ಲಿ ಚಿತ್ರಮಂದಿರಕ್ಕೆ ಪುರಸಭೆ ಅನುಮತಿ ಕೊಟ್ಟಿತ್ತು. ಅಂಥ ಅಕ್ರಮ ಕಟ್ಟಡ ಅಲ್ಲಿ ವಾಸಿಸುವವರ ಸ್ವತ್ತಿನ ಅನುಭೋಗಕ್ಕೆ ಧಕ್ಕೆ ತರುತ್ತದೆ, ಆದ್ದರಿಂದ ಅವರು ಪ್ರಶ್ನಿಸಬಹುದು ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡನೆಯದು ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗ. ಖಾಸಗಿ ನರ್ಸಿಂಗ್ ಹೋಂಗಾಗಿ ಅದನ್ನು ಒಂದು ಟ್ರಸ್ಟಿಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಅವರಿಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂಬ ವಾದವನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಹಂಚಿಕೆಯ ರದ್ದತಿಯನ್ನು ಎತ್ತಿಹಿಡಿಯಿತು. ಗಮನಿಸಿ: ಎರಡೂ ಕಡೆ ನಿವಾಸಿಗಳು ಗೆದ್ದದ್ದು ತಮ್ಮ ಅಭಿಪ್ರಾಯ ಕೇಳಲಿಲ್ಲ ಎಂದಷ್ಟೇ ವಾದಿಸಿ ಅಲ್ಲ. ಮಂಜೂರಾದ ಯೋಜನೆಯನ್ನು ಮುರಿದಿದ್ದಾರೆ ಎಂಬುದೇ ಅವರ ಗಟ್ಟಿ ನೆಲ.

ಹಾಗಾಗಿ ಯೋಜನೆ ತಯಾರಾಗುವ ಹೊತ್ತೇ ಮುಖ್ಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ಯಾರು ಬೇಕಾದರೂ 60 ದಿನಗಳೊಳಗೆ ಆಕ್ಷೇಪಣೆ, ಸಲಹೆ ಕೊಡಬಹುದು. ಜಮೀನು ಇರಬೇಕೆಂದಿಲ್ಲ. ಆದರೆ ಆಗ ಕಾಣುವುದು ಬಣ್ಣ ಬಳಿದ ನಕ್ಷೆ ಮಾತ್ರ. ಹಳದಿ ಬಣ್ಣ ವಸತಿಯದು ಎಂದು ನೋಡಿ ಸುಮ್ಮನಾಗುವವರೇ ಹೆಚ್ಚು. ಎಷ್ಟು ಮಹಡಿ ಏಳಬಹುದು ಎಂಬುದು ಅಡಗಿರುವುದು ವಲಯ ನಿಯಮಾವಳಿಯ ಕೋಷ್ಟಕದಲ್ಲಿ. ರಸ್ತೆ ಅಗಲವಾದಷ್ಟೂ ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, ಏರುತ್ತದೆ. ಕರಡಿನಲ್ಲಿ ನಿಮ್ಮ ಬೀದಿಗೆ ರಸ್ತೆ ವಿಸ್ತರಣೆಯ ಗೆರೆ ಬಿದ್ದಿದ್ದರೆ ಬಹುಮಹಡಿ ಕಟ್ಟಡಕ್ಕೆ ಅರ್ಧ ದಾರಿ ತೆರೆದಂತೆಯೇ. ಬೆಂಗಳೂರಿನ 2031ರವರೆಗಿನ ಮಹಾಯೋಜನೆಯ ಕರಡಿಗೆ 2017ರ ಕೊನೆಯಲ್ಲಿ ಆಕ್ಷೇಪಣೆ ಕರೆದು, 2020ರಲ್ಲಿ ಕರಡನ್ನೇ ಹಿಂಪಡೆದರು. 2007ರಲ್ಲಿ ಜಾರಿಗೆ ಬಂದ, 2015ರವರೆಗಿನ ಲೆಕ್ಕಾಚಾರದ ಯೋಜನೆಯೇ ಮುಂದುವರಿಯಿತು.

ಎರಡನೆಯ ಅವಕಾಶ ಭೂಬಳಕೆ ಬದಲಾವಣೆಯದು. ಹಸಿರು ವಲಯದ ಜಮೀನನ್ನು ವಸತಿಗೆ ಬದಲಿಸಬೇಕಾದರೆ ಅದೇ 1961ರ ಕಾಯ್ದೆಯ 14ಎ ಕಲಂನಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಇದನ್ನು ಜಿಲ್ಲಾಧಿಕಾರಿಯ ಭೂಪರಿವರ್ತನೆಯ ಜೊತೆ ಬೆರೆಸಬಾರದು, ಅದು ಕಂದಾಯ ಕಾಯ್ದೆಯ ಬೇರೆಯೇ ಹಾದಿ. ಸೋಲುವುದು ಹೆಚ್ಚಾಗಿ ಈ ಹದಿನೈದು ದಿನದಲ್ಲೇ. ಪ್ರಕಟಣೆಯಲ್ಲಿ ಇರುವುದು ಗ್ರಾಮ, ಹೋಬಳಿ, ಸರ್ವೆ ನಂಬರ್, ವಿಸ್ತೀರ್ಣ. ಜನ ಗುರುತಿಸುವ ದೇವಸ್ಥಾನ, ಕೆರೆ, ಬಸ್ ನಿಲ್ದಾಣದ ಹೆಸರು ಅದರಲ್ಲಿರುವುದಿಲ್ಲ. ನಿಮ್ಮ ಸುತ್ತಲಿನ ಸರ್ವೆ ನಂಬರ್‌ಗಳನ್ನು ಗ್ರಾಮ ನಕ್ಷೆ ನೋಡಿ ಮೊದಲೇ ಬರೆದಿಟ್ಟುಕೊಂಡಿರಬೇಕು. ಮಾಹಿತಿ ಹಕ್ಕಿನಲ್ಲಿ ಕಡತ ಕೇಳಿದರೆ ಉತ್ತರಕ್ಕೆ 30 ದಿನದ ಗಡುವು, ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ. ಇದ್ದಷ್ಟು ಮಾಹಿತಿಯಲ್ಲೇ ಆಕ್ಷೇಪಣೆ ಸಲ್ಲಿಸಿ, ದಿನಾಂಕದ ಮುದ್ರೆ ಇರುವ ಸ್ವೀಕೃತಿ ಪಡೆದು, ಉಳಿದದ್ದನ್ನು ಪೂರಕವಾಗಿ ಕೊಡುವುದೇ ಸರಿ.

ಪತ್ರದಲ್ಲಿ ‘ಇಲ್ಲಿ ಬಡಾವಣೆ ಬೇಡ’ ಎಂದು ಬರೆದು ನೂರು ಸಹಿ ಹಾಕಿಸಿದರೆ ಅದಕ್ಕೆ ಒಂದು ಸಾಲಿನ ಉತ್ತರ ಸಾಕಾಗುತ್ತದೆ. ಸಂಪರ್ಕ ರಸ್ತೆಯ ಅಳೆದ ಅಗಲ, ಹಳ್ಳ ಅಥವಾ ರಾಜಕಾಲುವೆಯಿಂದ ಇರುವ ದೂರ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗದ ದಿನಾಂಕಸಹಿತ ಫೋಟೊ, ಇವುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಉತ್ತರ ಬರೆಯಬೇಕಾಗುತ್ತದೆ. ಉತ್ತರ ಕೊಡದಿದ್ದರೆ ಮುಂದೆ ನ್ಯಾಯಾಲಯದಲ್ಲಿ ಹಿಡಿಯಲು ಅದೇ ಎಳೆ.

ವಲಯ ಮೊದಲೇ ವಸತಿಯದಾಗಿದ್ದರೆ ಇದ್ಯಾವುದೂ ಇಲ್ಲ. ಬಹುಮಹಡಿ ಕಟ್ಟಡದ ನಕ್ಷೆ ಮಂಜೂರಾತಿಗೆ ನೀರು ಮತ್ತು ಒಳಚರಂಡಿ ಮಂಡಳಿ, ಅಗ್ನಿಶಾಮಕ ಇಲಾಖೆಗಳ ನಿರಾಕ್ಷೇಪಣಾ ಪತ್ರ ಬೇಕು, ನೆರೆಯವರದು ಬೇಡ.

ದೊಡ್ಡ ಅಪಾರ್ಟ್‌ಮೆಂಟ್‌ಗಾದರೂ ಪರಿಸರ ಇಲಾಖೆಯ ವಿಚಾರಣೆ ಇರುತ್ತದಲ್ಲ ಎಂದು ಹಲವರು ನಂಬಿದ್ದಾರೆ. ಇಲ್ಲ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ 20,000 ಚದರ ಮೀಟರ್‌ಗೆ ಮೇಲ್ಪಟ್ಟ ನಿರ್ಮಾಣಕ್ಕೆ ಪರಿಸರ ಅನುಮತಿ ಕಡ್ಡಾಯ. ಗಣಿ, ಕಾರ್ಖಾನೆಗಳಿಗಾದರೆ 30 ದಿನ ಮೊದಲೇ ಪ್ರಕಟಣೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಭೆ, ಅದರ ವಿಡಿಯೊ ಚಿತ್ರೀಕರಣ ಎಲ್ಲವೂ ಉಂಟು. ಅದೇ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್‌ಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಜನವಸತಿಯ ನಡುವೆಯೇ ಏಳುವ ಕಟ್ಟಡಕ್ಕೆ ಈ ವಿನಾಯಿತಿ ಏಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಅಧಿಸೂಚನೆಯಲ್ಲಿಲ್ಲ.

ನೆರೆಯವರಿಗೆ ಸುದ್ದಿ ತಿಳಿಯುವುದು ಅನುಮತಿ ಸಿಕ್ಕಮೇಲೆ. ಅನುಮತಿ ಸಿಕ್ಕಿದ್ದನ್ನು ಬಿಲ್ಡರ್ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂಬ ಷರತ್ತು ಇರುತ್ತದೆ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ, ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ ಅವಕಾಶ. ಜಾಹೀರಾತಿನ ಆ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳಿ, ಅವಧಿಯ ಲೆಕ್ಕ ಹಾಕುವಾಗ ಬೇಕಾಗುತ್ತದೆ. 500 ಚದರ ಮೀಟರ್ ಅಥವಾ ಎಂಟು ಫ್ಲ್ಯಾಟ್ ಮೀರಿದ ಯೋಜನೆಯ ಮಂಜೂರಾದ ನಕ್ಷೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಜಾಲತಾಣದಲ್ಲಿ ಸಿಗುತ್ತದೆ. ರೇರಾ ಇರುವುದು ಕೊಳ್ಳುವವರಿಗಾಗಿ, ನೆರೆಯವರಿಗಾಗಿ ಅಲ್ಲ. ಆದರೂ ನಕ್ಷೆಯಲ್ಲಿ ತೋರಿಸಿದ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ನೆಲದ ಮೇಲೆ ಇದೆಯೇ ಎಂದು ಟೇಪು ಹಿಡಿದು ನೋಡಲು ಅಷ್ಟು ಸಾಕು.