ಪದ ಪರಿಚಯ: ವಾಕಬಿಲಿಟಿ, ಬಸುರಿಯ ಲೆಕ್ಕದಲ್ಲಿ

ಬಸುರಿ ಹೆಂಗಸಿಗೆ ‘ದಿನಾ ಸ್ವಲ್ಪ ವಾಕಿಂಗ್ ಮಾಡಮ್ಮ’ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಮಾಡಬೇಕು ಅಂತ ಹೇಳುವವರು ಕಡಿಮೆ. ಈ ‘ಎಲ್ಲಿ’ಯನ್ನು ಅಳೆಯುವುದೇ ವಾಕಬಿಲಿಟಿ. ಒಂದು ಏರಿಯಾ ಕಾಲ್ನಡಿಗೆಗೆ ಎಷ್ಟು ಅನುಕೂಲವಾಗಿದೆ ಅನ್ನುವ ಲೆಕ್ಕ.

ನಗರ ಯೋಜನೆಯವರು ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಮನೆಗಳು ಎಷ್ಟು ಒತ್ತಾಗಿವೆ, ಅಂಗಡಿ, ಶಾಲೆ, ಆಫೀಸು ಎಲ್ಲ ಹತ್ತಿರದಲ್ಲೇ ಬೆರೆತಿವೆಯಾ, ರಸ್ತೆಗಳ ವಿನ್ಯಾಸ ಹೇಗಿದೆ. 1997ರಲ್ಲಿ ಸರ್ವೆರೊ ಮತ್ತು ಕಾಕೆಲ್‌ಮನ್ ಎಂಬ ಅಮೆರಿಕದ ಸಂಶೋಧಕರು ಈ ಮೂರನ್ನು ಒಟ್ಟಿಗೆ ಮುಂದಿಟ್ಟರು. ಆಮೇಲೆ ಬಂದವರು ಅಲ್ಲೇ ವಾಸ ಮಾಡುವವರನ್ನು ಕೇಳಲು ಶುರು ಮಾಡಿದರು: ಬೀದಿ ದೀಪ ಇದೆಯಾ, ಭಯ ಆಗುತ್ತಾ, ನೋಡೋಕೆ ಚೆನ್ನಾಗಿದೆಯಾ? ನಕ್ಷೆಯಲ್ಲಿ ಕಾಣುವ ಬೀದಿ ಬೇರೆ, ನಡೆಯುವವಳಿಗೆ ಅನ್ನಿಸುವ ಬೀದಿ ಬೇರೆ, ಅಲ್ವಾ?

ಮೈಸೂರಿನಲ್ಲೇ ನೋಡಿ. ಮೊದಲಿನ ಮೂರು ಅಳತೆ ಹಿಡಿದರೆ ದೇವರಾಜ ಮೊಹಲ್ಲಾ, ಅಗ್ರಹಾರಕ್ಕೆ ಒಳ್ಳೇ ಅಂಕ ಸಿಗಬೇಕು. ಎರಡು ಹೆಜ್ಜೆಗೊಂದು ಅಂಗಡಿ, ಬೀದಿಗೆ ಬೀದಿ ಕೂಡುತ್ತದೆ. ಆದರೆ ಎಂಟು ತಿಂಗಳ ಬಸುರಿ ಅಲ್ಲಿ ಆರಾಮಾಗಿ ನಡೆಯುತ್ತಾಳೆ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿರುತ್ತದೆ. ಕೆಳಗಿಳಿದರೆ ಆಟೋ. ರಿಂಗ್ ರೋಡಿನ ಆಚೆಯ ಹೊಸ ಲೇಔಟಿನ ಕತೆ ಉಲ್ಟಾ. ರಸ್ತೆ ಅಗಲ, ಗಾಡಿ ಕಡಿಮೆ. ಆದರೆ ಖಾಲಿ ಸೈಟು, ಪಾರ್ಥೇನಿಯಂ ಪೊದೆ, ನಾಯಿಗಳ ಗುಂಪು. ತಲೆಸುತ್ತು ಬಂದರೆ ಕೂಗಿದವರಿಗೆ ಓಗೊಡಲು ಒಂದು ಅಂಗಡಿಯೂ ಇಲ್ಲ.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ತೊಂದರೆ ಇಲ್ಲದ ಬಸುರಿನಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಶ್ರಮ. ಇದರಿಂದ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ, ಬಿಪಿ, ಅತಿಯಾಗಿ ತೂಕ ಏರುವುದು ಇವುಗಳ ಅಪಾಯ ಕಡಿಮೆಯಾಗುತ್ತದೆ. ಜಿಮ್ಮು, ಈಜುಕೊಳ ಎಷ್ಟು ಜನಕ್ಕೆ ಸಿಗುತ್ತದೆ? ಹೆಚ್ಚಿನವರಿಗೆ ವ್ಯಾಯಾಮ ಅಂದರೆ ನಡಿಗೆಯೇ. ಹಾಗಾಗಿ ಮನೆ ಮುಂದಿನ ಬೀದಿ ಕೈಕೊಟ್ಟರೆ ವ್ಯಾಯಾಮವೇ ನಿಂತಂತೆ.

ವಾಕಬಿಲಿಟಿ ಬೀದಿಗೆ ಅಂಟಿಕೊಂಡ ಗುಣ ಮಾತ್ರ ಅಲ್ಲ, ನಡೆಯುವ ಮೈಗೂ ಸೇರಿದ್ದು ಅನ್ನುವುದು ಬಸುರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೂರನೇ ತಿಂಗಳಲ್ಲಿ ಸಲೀಸಾಗಿದ್ದ ರಸ್ತೆ ಎಂಟನೇ ತಿಂಗಳಲ್ಲಿ ಹಾಗಿರುವುದಿಲ್ಲ. ಹೊಟ್ಟೆ ಮುಂದೆ ಬಂದಂತೆ ಮೈಯ ತೂಕ ಮುಂದಕ್ಕೆ ವಾಲುತ್ತದೆ, ಕೀಲುಗಳ ಬಿಗಿ ಸಡಿಲಾಗುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ. ಫುಟ್‌ಪಾತಿನ ಅಂಚು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಅಂತ ರಸ್ತೆಗಳ ಅಳತೆ, ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳಿತ್ತು. ನಮ್ಮಲ್ಲಿ ಪ್ರತಿ ಮನೆಯವರೂ ಕಾರು ಹತ್ತಿಸೋಕೆ ಗೇಟಿನ ಮುಂದೆ ಒಂದೊಂದು ಇಳಿಜಾರು ಕಟ್ಟಿರುತ್ತಾರೆ. ಒಂದು ಮನೆ ದಾಟಿದರೆ ಏರು, ಮುಂದಿನ ಮನೆಗೆ ಇಳಿ, ನಡುವೆ ಒಂದು ಅಲ್ಲಾಡುವ ಚಪ್ಪಡಿ. ಪಾದ ಕಾಣದವಳು ಅದನ್ನು ಬಿಟ್ಟು ಡಾಂಬರು ರಸ್ತೆಗೇ ಇಳಿಯುತ್ತಾಳೆ. ಇನ್ನು ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವ ಕಾಲದಲ್ಲಿ ಹತ್ತಿರದ ಶೌಚಾಲಯ, ಕೂರಲು ಒಂದು ಕಲ್ಲುಬೆಂಚು ಇವು ದೊಡ್ಡ ಸಂಗತಿಗಳು.

‘ಕುಕ್ಕರಹಳ್ಳಿ ಕೆರೆ ಇದೆಯಲ್ಲ’ ಅನ್ನಬಹುದು. ಕೆರೆ ಏರಿ, ಮರದ ನೆರಳು ಎಲ್ಲ ಚೆನ್ನಾಗಿಯೇ ಇದೆ. ಆದರೆ ಗಂಡ ಸ್ಕೂಟರಿನಲ್ಲಿ ಬಿಟ್ಟರೆ ಮಾತ್ರ ತಲುಪುವ ಜಾಗ ಮನೆಯ ಸುತ್ತಮುತ್ತ ಅನ್ನಿಸಿಕೊಳ್ಳುವುದಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ನಾಲೆ ಏರಿ ಸಮತಟ್ಟು, ಗಾಳಿಯೂ ಚೆನ್ನ. ತಡೆಗೋಡೆ ಇಲ್ಲದ ಕಡೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಸೀಸನ್ನಿನಲ್ಲಿ ಅದೇ ಏರಿ ಭಯ ಹುಟ್ಟಿಸುತ್ತದೆ. ಗದ್ದೆ ಕೆಲಸ ಮಾಡಿ ಬಂದ ಹೆಂಗಸಿಗೆ ‘ವಾಕಿಂಗ್ ಹೋಗು’ ಅನ್ನುವುದು ತಮಾಷೆಯಾದೀತು, ಅದು ಬೇರೆ ಮಾತು.

ಜನರ ಬಾಯಿಯೂ ಸುತ್ತಮುತ್ತಲಿನ ಭಾಗವೇ. ಬೆಳಿಗ್ಗೆ ಅಡುಗೆಮನೆ, ಮಧ್ಯಾಹ್ನ ಬಿಸಿಲು. ಕತ್ತಲಾದ ಮೇಲೆ ‘ಬಸುರಿ ಹೊಸಿಲು ದಾಟಬಾರದು, ದೃಷ್ಟಿಯಾಗುತ್ತೆ’ ಅನ್ನುವ ಅತ್ತೆ. ಉಳಿಯುವುದು ಸಂಜೆ ಒಂದು ಗಂಟೆ. ಪಕ್ಕದ ಮನೆಯವಳು ‘ಬಾ, ನಾನೂ ಬರ್ತೀನಿ’ ಅಂದರೆ ಅದೂ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ.

ಸಂಶೋಧಕರಿಗೆ ಇಲ್ಲೊಂದು ತೊಡಕಿದೆ. ನಡೆಯಲು ಇಷ್ಟಪಡುವವರೇ ಒಳ್ಳೇ ಏರಿಯಾ ಹುಡುಕಿ ಮನೆ ಮಾಡಿರಬಹುದು, ಆಗ ಬೀದಿಯ ಪ್ರಭಾವ ಎಷ್ಟು ಅಂತ ಹೇಳುವುದು ಕಷ್ಟ. ನಮ್ಮಲ್ಲಿ ಸೊಸೆ ಏರಿಯಾ ನೋಡಿ ಮದುವೆಯಾಗುವುದಿಲ್ಲ ಬಿಡಿ. ಅವಳಿಗೆ ಸಿಕ್ಕಿದ್ದು ಗಂಡನ ಮನೆಯ ಬೀದಿ. ಸೀಮಂತ ಆದ ಮೇಲೆ ಎಷ್ಟೋ ಜನ ತವರಿಗೆ ಹೋಗುತ್ತಾರೆ. ಕುವೆಂಪುನಗರದಲ್ಲಿ ಏಳು ತಿಂಗಳು, ಆಮೇಲೆ ಮದ್ದೂರಿನ ಕಡೆಯ ಹಳ್ಳಿ. ಒಂದೇ ಬಸುರಿಗೆ ಎರಡು ಬೀದಿ. ಫಾರಂನಲ್ಲಿ ಬರೆಸಿದ ಒಂದೇ ವಿಳಾಸ ನೋಡಿ ಅಳೆದರೆ ಅರ್ಧ ಕತೆ ತಪ್ಪಿಹೋಗುತ್ತದೆ.

ಬೀದಿ ಒದಗದಿದ್ದರೆ ವರಾಂಡ, ಟೆರೇಸು, ದೇವಸ್ಥಾನದ ಪ್ರಾಂಗಣ, ಎಲ್ಲಾದರೂ ಸರಿ. 150 ನಿಮಿಷವನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಟೆರೇಸಿನ ಮೆಟ್ಟಿಲಿಗೆ ಕಂಬಿ ಇರಲಿ. ರಕ್ತಸ್ರಾವ, ನೀರು ಹೋಗುವುದು, ಎದೆನೋವು, ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಮಾಸು (ಪ್ಲಾಸೆಂಟಾ) ಕೆಳಗಿದೆ ಅಂತ ಹೇಳಿಸಿಕೊಂಡವರು ಡಾಕ್ಟರನ್ನು ಕೇಳದೆ ಶುರು ಮಾಡುವುದೇ ಬೇಡ.