ತೊಂಬತ್ತರ ತೊಡೆಗೆ ಯಾರು ದುಡ್ಡು ಹಾಕುತ್ತಾರೆ?

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಪೇಟೆಯ ಮೆಡಿಕಲ್ ಶಾಪುಗಳಲ್ಲಿ ಈಗ ಎದುರಿಗೇ ಕಾಣುವುದು ಪ್ರೋಟೀನ್ ಪುಡಿಯ ಡಬ್ಬಿಗಳು. ಗಲ್ಫಿನಿಂದ ರಜೆಗೆ ಬಂದ ಮಗ ಅಪ್ಪನಿಗೆ ಒಂದು ಡಬ್ಬಿ ತಂದುಕೊಡುತ್ತಾನೆ. ಜೊತೆಗೆ ಒಂದು ಮಾತು: "ನೀವಿನ್ನು ತೋಟಕ್ಕೆ ಹೋಗುವುದು ಬೇಡ ಅಪ್ಪ, ಸುಮ್ನೆ ಕೂತ್ಕೊಳ್ಳಿ." ಡಬ್ಬಿಯೂ ಪ್ರೀತಿಯದ್ದೇ, ಮಾತೂ ಪ್ರೀತಿಯದ್ದೇ. ಅಪ್ಪನ ತೊಡೆಗೆ ಮಾತ್ರ ಎರಡರಿಂದಲೂ ಬಲ ಬರುವುದಿಲ್ಲ. 1994ರಲ್ಲೇ ಇಂಥದ್ದನ್ನು ಪರೀಕ್ಷೆ ಮಾಡಿ ನೋಡಿಯಾಗಿದೆ.

ಕಥೆ ಶುರುವಾಗುವುದು ಅದಕ್ಕೂ ಸ್ವಲ್ಪ ಮೊದಲು, ಅಮೆರಿಕದ ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಅಲ್ಲಿನ ಹತ್ತು ಮಂದಿ ಹಣ್ಣು ಹಣ್ಣು ಮುದುಕರಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಕೈಬೀಸುವಂಥ ಹಗುರ ವ್ಯಾಯಾಮ ಅಲ್ಲ, ಅವರವರ ಶಕ್ತಿಯ ಶೇ. 80ರಷ್ಟು ಭಾರ. 8 ವಾರದಲ್ಲಿ ತೊಡೆಯ ಶಕ್ತಿ ಸರಾಸರಿ ಶೇ. 174 ಹೆಚ್ಚಾಯಿತು. ಇಬ್ಬರು ಊರುಗೋಲು ಬಿಟ್ಟರು. 1990ರಲ್ಲಿ ಇದು ಅಚ್ಚಾಯಿತು. 100 ಮಂದಿಯ ಮೇಲೆ ಮತ್ತೆ ಮಾಡಿದ ಪರೀಕ್ಷೆ ನಾಲ್ಕು ವರ್ಷದ ನಂತರ ಅಚ್ಚಾಯಿತು. ಈ ಸಲ ಕೆಲವರಿಗೆ ಭಾರ, ಕೆಲವರಿಗೆ ಪೋಷಕಾಂಶದ ಪೇಯ, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಭಾರ ಎತ್ತಿದವರ ಶಕ್ತಿ ಶೇ. 113 ಏರಿತು. ಪೇಯ ಮಾತ್ರ ಕುಡಿದವರಿಗೆ ಶಕ್ತಿ ಏರಲಿಲ್ಲ.

ಅಷ್ಟು ವಯಸ್ಸಿನಲ್ಲಿ ಇದು ಹೇಗೆ ಸಾಧ್ಯ? ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ನಾಯು ಎಂದರೆ ಎಳೆಗಳ ಕಟ್ಟು. ಪ್ರತಿ ಎಳೆಗೂ ಬೆನ್ನುಹುರಿಯಿಂದ ಇಳಿದು ಬಂದ ನರದ ತುದಿ ಅಂಟಿಕೊಂಡಿರುತ್ತದೆ. ತೊಡೆಯಂಥ ದೊಡ್ಡ ಸ್ನಾಯುವಿನಲ್ಲಿ ಒಂದು ನರಕೋಶ ನೂರಾರು ಎಳೆಗಳನ್ನು ಒಟ್ಟಿಗೆ ನಡೆಸುತ್ತದೆ. ಅರುವತ್ತು ದಾಟಿದ ಮೇಲೆ ಈ ನರಕೋಶಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಅನಾಥವಾದ ಎಳೆಗಳ ಕಡೆಗೆ ಪಕ್ಕದ ನರ ಹೊಸ ಕವಲು ಚಾಚುತ್ತದೆ. ನಮ್ಮಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟರೆ ಲೈನ್‌ಮ್ಯಾನ್ ಬಂದು ಅದರ ಮನೆಗಳನ್ನು ಪಕ್ಕದ್ದಕ್ಕೆ ಜೋಡಿಸಿ ಹೋಗುತ್ತಾನಲ್ಲ, ಹಾಗೆ. ಬಲ್ಬೇನೋ ಉರಿಯುತ್ತದೆ, ತೋಟದ ಪಂಪು ಏಳುವುದಿಲ್ಲ.

ಸ್ನಾಯುವಿನಲ್ಲಿ ನಿಧಾನದ ಎಳೆಗಳೂ ಇವೆ, ವೇಗದ ಎಳೆಗಳೂ ಇವೆ. ವಯಸ್ಸಾದಂತೆ ಜಾಸ್ತಿ ಸೊರಗುವುದು ವೇಗದ ಎಳೆಗಳೇ. ಹಾಗಾಗಿ ಅಜ್ಜ ಅಂಗಳದಲ್ಲಿ ಆರಾಮಾಗಿ ನಡೆದಾಡುತ್ತಾರೆ. ಆದರೆ ಪಂಚೆಯ ಅಂಚು ಕಾಲಿಗೆ ಸಿಕ್ಕಿದರೆ ಇನ್ನೊಂದು ಕಾಲನ್ನು ತಕ್ಷಣ ಮುಂದಿಡಲು ಆಗುವುದಿಲ್ಲ. ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಮನೆಯವರು ಗ್ರಹಚಾರ ಎನ್ನುತ್ತಾರೆ, ಜಾತಕ ಹೊರಗೆ ಬರುತ್ತದೆ. ಶನಿಗೂ ತೊಡೆಯ ವೇಗದ ಎಳೆಗೂ ಏನು ಸಂಬಂಧವೋ! ಭಾರ ಎತ್ತಿದಾಗ ಮೊದಲ ವಾರಗಳಲ್ಲಿ ಸುಧಾರಿಸುವುದು ನರದ ಆಜ್ಞೆ. ಉಳಿದ ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ, ಬೇಗ ಎಬ್ಬಿಸಲು ಕಲಿಯುತ್ತವೆ. ಎಳೆ ದಪ್ಪವಾಗುವುದು ಆಮೇಲೆ. ಬೋಸ್ಟನ್ನಿನ ಮೊದಲ ಪರೀಕ್ಷೆಯವರ ತೊಡೆಯ ಸ್ನಾಯು ದಪ್ಪವಾದದ್ದು ಸುಮಾರು ಶೇ. 9 ಮಾತ್ರ, ಶಕ್ತಿ ಅದರ ಎಷ್ಟೋ ಪಟ್ಟು ಏರಿತು.

ಈ ಪರೀಕ್ಷೆಗಳ ಹಿಂದಿದ್ದದ್ದು ಹೆಚ್ಚಾಗಿ ಸರ್ಕಾರದ ಹಣ. ಕಂಪನಿ ಯಾಕೆ ಕೊಟ್ಟೀತು? ಭಾರ ಎತ್ತುವ, ಕುರ್ಚಿಯಿಂದ ಎದ್ದು ಕೂರುವಂಥ ವ್ಯಾಯಾಮಕ್ಕೆ ಪೇಟೆಂಟ್ ಸಿಗುವುದಿಲ್ಲ. ಮಾತ್ರೆಯ ಕಥೆಯೂ ಅಷ್ಟೆ. ಸಕ್ಕರೆ ಕಾಯಿಲೆಯವರೆಲ್ಲ ನುಂಗುವ ಮೆಟ್‌ಫಾರ್ಮಿನ್, ಮುಪ್ಪಿನ ರೋಗಗಳನ್ನು ಮುಂದೂಡುತ್ತದೆಯೇ ಎಂದು 3,000 ಮಂದಿಯ ಮೇಲೆ ನೋಡಲು ಅಮೆರಿಕದಲ್ಲಿ ನೀರ್ ಬಾರ್ಜಿಲೈ ಎಂಬ ವಿಜ್ಞಾನಿ ಯೋಜನೆ ಹಾಕಿದರು. ವರ್ಷಗಟ್ಟಲೆ ಹಣಕ್ಕಾಗಿ ಅಲೆಯಬೇಕಾಯಿತು. ಮಾತ್ರೆ ತೀರಾ ಅಗ್ಗ, ಗೆದ್ದರೂ ಲಾಭ ಇಲ್ಲ. ಸರ್ಕಾರಿ ಹಣಕ್ಕೆ ಇನ್ನೊಂದು ಗುಣವಿದೆ, ಸೋತದ್ದನ್ನೂ ಹೇಳುತ್ತದೆ. ಅಲ್ಲಿನ ರಾಷ್ಟ್ರೀಯ ಮುಪ್ಪಿನ ಸಂಸ್ಥೆ ಮೂರು ಪ್ರಯೋಗಾಲಯಗಳಲ್ಲಿ ಒಂದೇ ವಸ್ತುವನ್ನು ಇಲಿಗಳಿಗೆ ತಿನ್ನಿಸಿ ನೋಡುತ್ತದೆ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ರಾಪಮೈಸಿನ್ ಎಂಬ ಔಷಧ 2009ರಲ್ಲಿ ಮುದಿ ಇಲಿಗಳ ಆಯಸ್ಸನ್ನು ಹೆಚ್ಚಿಸಿತು. ಅರಿಶಿನದ ಕರ್ಕ್ಯುಮಿನ್ ಹೆಚ್ಚಿಸಲಿಲ್ಲ. ಅರಿಶಿನದ ಮಾತ್ರೆ ಮಾರುವವರು ಇದನ್ನು ಡಬ್ಬಿಯ ಮೇಲೆ ಬರೆಯುತ್ತಾರಾ?

ಫಲಕ್ಕಾಗಿ ವರ್ಷಗಟ್ಟಲೆ ಕಾಯುವ ಹಣ ಎಂದರೇನು ಎಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. 1916ರಲ್ಲಿ, ನಾವಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಸರ್ಕಾರ ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. ಇವತ್ತಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಬೇರು ಅದೇ. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದ್ದು 1932ರಲ್ಲಿ, ನೀಲೇಶ್ವರದಲ್ಲಿ. ಸಂಕರ ಸಸಿ ಹುರುಪಿನದ್ದು ಎಂದು ತೆಂಗಿನ ಸಂಶೋಧಕ ಜೆ. ಎಸ್. ಪಟೇಲ್ ವರದಿ ಬರೆದದ್ದು 1937ರಲ್ಲಿ. ತೆಂಗು ಕಾಯಿ ಬಿಡುವವರೆಗೆ ಕಾಯುವ ವ್ಯಾಪಾರಿ ಆಗ ಇರಲಿಲ್ಲ, ಈಗಲೂ ಇಲ್ಲ. ಮನುಷ್ಯ ಮುದುಕನಾಗಲು ಅದಕ್ಕಿಂತಲೂ ಜಾಸ್ತಿ ಹೊತ್ತು ಬೇಕು, ಅಲ್ವಾ?

ಭಾರತದಲ್ಲಿ ಏನೂ ಇಲ್ಲ ಎಂದಲ್ಲ. 2017-18ರಲ್ಲಿ ಮುಪ್ಪಿನ ಬಗ್ಗೆ ನಡೆದ ಲಾಸಿ ಸಮೀಕ್ಷೆ 45 ದಾಟಿದ ಸುಮಾರು 72,000 ಮಂದಿಯನ್ನು ಮಾತಾಡಿಸಿತು, ಕೈ ಹಿಡಿತದ ಬಲವನ್ನೂ ಅಳೆಯಿತು. ಅದಕ್ಕೆ ನಮ್ಮ ಆರೋಗ್ಯ ಸಚಿವಾಲಯದ ಜೊತೆ ಅಮೆರಿಕದ ಅದೇ ಮುಪ್ಪಿನ ಸಂಸ್ಥೆಯೂ ಹಣ ಕೊಟ್ಟಿತ್ತು. 2021ರ ಸೇಜ್ ಯೋಜನೆಯಲ್ಲಿ ಹಿರಿಯರಿಗಾಗಿ ದುಡಿಯುವ ಸ್ಟಾರ್ಟಪ್ಪಿಗೆ ಕೇಂದ್ರ ಸರ್ಕಾರ 1 ಕೋಟಿ ರೂಪಾಯಿವರೆಗೆ ಕೊಡುತ್ತದೆ, ಪಾಲು ಬಂಡವಾಳವಾಗಿ. ಒಳ್ಳೆಯದೇ. ಆದರೆ ಸ್ಟಾರ್ಟಪ್ಪಿಗೆ ಮಾರಲು ಏನಾದರೂ ಬೇಕು. ಕುರ್ಚಿಯ ವ್ಯಾಯಾಮ ಅಲ್ಲಿಗೂ ಹೊಂದುವುದಿಲ್ಲ.

2011ರ ಜನಗಣತಿಯಲ್ಲೇ ಕೇರಳದಲ್ಲಿ 60 ದಾಟಿದವರು ಶೇ. 12.6, ದೇಶದಲ್ಲಿ ಶೇ. 8.6. ಹಾಗಿದ್ದ ಮೇಲೆ ಪರೀಕ್ಷೆ ಇಲ್ಲೇ ಆಗಲಿ. ಎಣ್ಮಕಜೆ, ಬೆಳ್ಳೂರು, ಪೈವಳಿಕೆಯ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಮೂರು ಸಲ ಹಿರಿಯರಿಂದ ಭಾರ ಎತ್ತಿಸಿ, ಹತ್ತು ವರ್ಷ ಯಾರು ಬಿದ್ದರು, ಯಾರು ಬೀಳಲಿಲ್ಲ ಎಂದು ಬರೆದಿಡಬೇಕು. ಭಾರಕ್ಕೆ ಮರಳು ತುಂಬಿದ ಚೀಲ ಸಾಕು. ಖರ್ಚೆಲ್ಲ ಬರೆದಿಡುವವರ ಸಂಬಳದ್ದು. ಜೊತೆಗೆ ಮರೆವಿನ ಪರೀಕ್ಷೆಯನ್ನೂ ಮಾಡುವುದಾದರೆ ಒಂದು ವಿಷಯ ನೆನಪಿರಲಿ. ಮಲಯಾಳದಲ್ಲಿ ಮೂರು ಶಬ್ದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ, ಕನ್ನಡ ಶಾಲೆಯಲ್ಲಿ ಕಲಿತ ಪೆರ್ಲದ ಅಜ್ಜಿ ತಡವರಿಸುತ್ತಾರೆ. ಅಂಕ ಕಡಿಮೆಯಾದದ್ದು ಮರೆವಿನಿಂದಲೋ ಭಾಷೆಯಿಂದಲೋ ಎಂದು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ ತಯಾರಿಸಿ, ಮೊದಲು ಇಲ್ಲಿಯ ಹಿರಿಯರಲ್ಲೇ ಕೇಳಿ ನೋಡಬೇಕು. ಆ ಖರ್ಚಿಗೂ ಬಜೆಟ್ಟಿನಲ್ಲಿ ಜಾಗ ಇರಲಿ.